ಒಂಬತ್ತು ಸಾವಿರ ಗಣ್ಯರು, ಏಳು ಮಂದಿ ಗೆಳೆಯರು

ಮಳೆಗಾಲ ಹಿಡಿಯಿತೆಂದರೆ ಕುರುಗೋಡು, ಸಿರುಗುಪ್ಪ ಸೀಮೆಯ ಫೋನುಗಳಲ್ಲಿ ದಿನಾ ಬೆಳಿಗ್ಗೆ ಒಂದು ಸಣ್ಣ ಪಟ್ಟಿ ಓಡಾಡುತ್ತದೆ. ತುಂಗಭದ್ರಾ ಜಲಾಶಯದ ಇಂದಿನ ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟಿತ್ತು. ಅದರಲ್ಲಿ ಚಿತ್ರವಿಲ್ಲ, ಹಾಡಿಲ್ಲ, ಲೈಕ್ ಕೇಳುವವರಿಲ್ಲ. ಆದರೂ ಭತ್ತ, ಮೆಣಸಿನಕಾಯಿ ಬೆಳೆಯುವ ಬಾದನಹಟ್ಟಿಯಂಥ ಊರಿನಲ್ಲಿ ಅದನ್ನು ನೋಡದೆ ದಿನ ಶುರುವಾಗುವುದಿಲ್ಲ. ಪೂರ್ಣ ಮಟ್ಟವಾದ 1,633 ಅಡಿಗೆ ಇನ್ನೆಷ್ಟು ಬಾಕಿ ಎಂಬುದರ ಮೇಲೆ ಸಸಿಮಡಿ ಯಾವಾಗ ಹಾಕಬೇಕು, ಎರಡನೇ ಬೆಳೆಗೆ ಆಸೆ ಇಟ್ಟುಕೊಳ್ಳಬಹುದೇ ಎಂಬುದು ನಿಂತಿದೆ. ಜಲಾಶಯದ ಕೆಳಮಟ್ಟದ ಕಾಲುವೆಗೆ (ಎಲ್‌ಎಲ್‌ಸಿ) ನೀರು ಬಿಡುವ ತಾರೀಖನ್ನು ನೀರಾವರಿ ಸಲಹಾ ಸಮಿತಿ ಗೊತ್ತುಮಾಡುತ್ತದೆ. ಅದಾದ ಮೇಲೆ ಕೊನೆ ಭಾಗದ ರೈತರಿಗೆ ಉಳಿಯುವ ಪ್ರಶ್ನೆ ಒಂದೇ: "ನೀರು ಎಲ್ಲಿಗೆ ಬಂತ್ರೀ?"

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ ಆಗ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಬೆಳೆಗೆಂದು ನಿಂತಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಆ ವಾರ ಕಾಲುವೆ ಸೀಮೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ನಿದ್ದೆ ಇರಲಿಲ್ಲ. ಹೊಸಪೇಟೆಯಿಂದ ಬಂದ ವಿಡಿಯೊ, ಅಧಿಕಾರಿಗಳ ಪ್ರಕಟಣೆ, ಅದರ ಬೆನ್ನಿಗೇ ನೂರು ಪ್ರಶ್ನೆ.

ಜನ ಹೀಗೆ ದಿನಾ ಬರುವ ಜಾಗವಿದ್ದಂತೆ, ಬಂದವರು ನಿಲ್ಲದ ಜಾಗವೂ ಇದೆ. ಗೇಟು ಮುರಿಯುವ ಐದು ವಾರ ಮೊದಲು, ಜುಲೈ 3ರಂದು, ಬೆಂಗಳೂರಿನ ‘ಕೂ’ ಬಾಗಿಲು ಹಾಕುವುದಾಗಿ ಅದರ ಸ್ಥಾಪಕರು ಪ್ರಕಟಿಸಿದರು. ಕನ್ನಡದಲ್ಲೇ ಮೊದಲು ಶುರುವಾಗಿ ಆಮೇಲೆ ಹಿಂದಿ, ತೆಲುಗು, ತಮಿಳು, ಮರಾಠಿಗಳಿಗೆ ಹರಡಿದ ಸಾಮಾಜಿಕ ಜಾಲತಾಣ ಅದು. ಹಳದಿ ಹಕ್ಕಿಯ ಗುರುತು. ಕಟ್ಟಿದವರು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ. ಅಪ್ರಮೇಯ ಅದಕ್ಕೂ ಮೊದಲು ‘ಟ್ಯಾಕ್ಸಿ ಫಾರ್ ಶ್ಯೂರ್’ ಕಟ್ಟಿ 2015ರಲ್ಲಿ ಅದನ್ನು ಓಲಾಗೆ ಮಾರಿದ್ದರು. ಇಬ್ಬರೂ ಸೇರಿ ‘ವೋಕಲ್’ ಎಂಬ, ಭಾರತೀಯ ಭಾಷೆಗಳಲ್ಲಿ ಪ್ರಶ್ನೋತ್ತರ ನಡೆಸುವ ತಾಣವನ್ನೂ ನಡೆಸಿದ್ದರು. ಇಂಗ್ಲಿಷ್ ಬಾರದವನಿಗೂ ಸಾರ್ವಜನಿಕವಾಗಿ ಮಾತಾಡಲು ಜಾಗ ಬೇಕು ಎಂಬ ಅವರ ನಂಬಿಕೆ ಪ್ರಾಮಾಣಿಕವಾದದ್ದು. ನಮ್ಮ ರಾಜಧಾನಿಯಲ್ಲಿ ಕೂತು, ನಮ್ಮ ಭಾಷೆಯನ್ನು ಮೊದಲ ಸಾಲಿಗೆ ಇಟ್ಟು, ಟ್ವಿಟರ್‌ನಂಥ ದೊಡ್ಡ ಕಂಪನಿಯ ಎದುರು ನಿಲ್ಲಲು ಹೊರಟ ಇಂಥ ಇನ್ನೊಂದು ಪ್ರಯತ್ನ ನನಗೆ ನೆನಪಾಗುತ್ತಿಲ್ಲ. ಆದ್ದರಿಂದಲೇ ಅದು ಯಾಕೆ ನಿಲ್ಲಲಿಲ್ಲ ಎಂದು ಕನ್ನಡಿಗರು ಕೂತು ಯೋಚಿಸಬೇಕು. ದುಡ್ಡು ಸಿಗಲಿಲ್ಲ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವ ವಿಷಯ ಇದಲ್ಲ.

ಮುಚ್ಚುವಾಗ ಸ್ಥಾಪಕರು ಬರೆದ ಟಿಪ್ಪಣಿಯಲ್ಲಿ ಕೆಲವು ಅಂಕಿಗಳಿವೆ. ಏರುಗಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ, ತಿಂಗಳಿಗೆ ಸುಮಾರು 1 ಕೋಟಿ ಜನ ಕೂ ತೆರೆಯುತ್ತಿದ್ದರು. 9,000ಕ್ಕೂ ಹೆಚ್ಚು ಗಣ್ಯರ ಖಾತೆಗಳಿದ್ದವು. ನೋಡಿದವರು ಲೈಕ್ ಒತ್ತುವ ಪ್ರಮಾಣ ಟ್ವಿಟರ್‌ಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. 2022ರಲ್ಲಿ ಇನ್ನು ಕೆಲವೇ ತಿಂಗಳಲ್ಲಿ ಭಾರತದಲ್ಲಿ ಟ್ವಿಟರನ್ನು ಹಿಂದಿಕ್ಕುವ ಹಂತದಲ್ಲಿದ್ದೆವು ಎಂದೂ ಅವರು ಬರೆದರು.

ಮೊದಲ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಿಂಗಳಲ್ಲಿ ಒಮ್ಮೆಯಾದರೂ ಬಂದವರು 1 ಕೋಟಿ. ಯಾವುದೋ ಒಂದು ದಿನ ಎಣಿಸಿದರೆ ಸಿಗುವವರು 21 ಲಕ್ಷ. ಐವರಲ್ಲಿ ಒಬ್ಬ. ಈ ಉದ್ಯಮದವರು ಒಂದು ತಾಣದ ಆರೋಗ್ಯ ನೋಡುವುದು ಈ ಲೆಕ್ಕದಿಂದಲೇ. 2023ರ ಜೂನ್‌ನಲ್ಲಿ ಫೇಸ್‌ಬುಕ್‌ಗೆ ತಿಂಗಳಿಗೆ ಬರುವವರು 303 ಕೋಟಿ, ದಿನಕ್ಕೆ ಬರುವವರು 206 ಕೋಟಿ. ಮೂವರಲ್ಲಿ ಇಬ್ಬರು. ಅಷ್ಟು ಹಳೆಯ, ಹುಡುಗರು ಬೇಸತ್ತು ಬಿಟ್ಟರು ಎನ್ನಲಾಗುವ ತಾಣದಲ್ಲೂ ಮೂವರಲ್ಲಿ ಇಬ್ಬರು ಪ್ರತಿದಿನ ಬರುತ್ತಿದ್ದರು. ಕೂ ಡೌನ್‌ಲೋಡ್ ಆದದ್ದು 2022ರ ನವೆಂಬರ್ ಹೊತ್ತಿಗೆ 5 ಕೋಟಿ ಸಲ. ಅಂದರೆ ಒಳಗೆ ಕಾಲಿಟ್ಟವರಿಗೆ ಕೊರತೆ ಇರಲಿಲ್ಲ. ಲೈಕ್ ಪ್ರಮಾಣ ಹೆಚ್ಚಿತ್ತು ಎಂಬುದರಿಂದ ಉಳಿದುಕೊಂಡವರಿಗೆ ಆ ಜಾಗದ ಮೇಲೆ ಪ್ರೀತಿ ಇತ್ತು ಎಂದೂ ಗೊತ್ತಾಗುತ್ತದೆ. ನಡುವೆ ಎಲ್ಲೋ, ಮೊದಲ ಕೆಲವು ದಿನಗಳಲ್ಲಿ, ಬಹುಪಾಲು ಜನ ಸುಮ್ಮನೆ ಎದ್ದು ಹೋದರು.

ಆ ಮೊದಲ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ಫೇಸ್‌ಬುಕ್ ಬಹಳ ಹಿಂದೆಯೇ ಕಂಡುಕೊಂಡಿತ್ತು. ಅಲ್ಲಿ ಬಳಕೆದಾರರ ಸಂಖ್ಯೆ ಬೆಳೆಸುವ ತಂಡವನ್ನು ನಡೆಸಿದ ಚಮತ್ ಪಾಲಿಹಾಪಿತಿಯಾ ಆಮೇಲೆ ಅದನ್ನು ಬಹಿರಂಗವಾಗಿ ಹೇಳಿದರು. ಹೊಸದಾಗಿ ಸೇರಿದವನಿಗೆ 10 ದಿನದೊಳಗೆ 7 ಗೆಳೆಯರು ಸಿಗಬೇಕು. ತಂಡದ ಎಲ್ಲ ಕೆಲಸವೂ ಈ ಒಂದು ಗುರಿಯ ಸುತ್ತ. ಬಟನ್ನಿನ ಬಣ್ಣ, ಜಾಹೀರಾತು, ಸಿನಿಮಾ ನಟರು ಯಾವುದೂ ಇದರಷ್ಟು ಮುಖ್ಯವಲ್ಲ. ಪರಿಚಯದ ಏಳು ಮುಖ ಕಂಡರೆ ಮನುಷ್ಯ ಮರುದಿನವೂ ಬರುತ್ತಾನೆ.

ಈಗ ಬಾದನಹಟ್ಟಿಯ ಒಬ್ಬ ಹುಡುಗ 2021ರಲ್ಲಿ ಕೂ ಹಾಕಿಕೊಂಡ ಎಂದುಕೊಳ್ಳಿ. ಹತ್ತು ದಿನದಲ್ಲಿ ಅವನಿಗೆ ಅಲ್ಲಿ ಯಾರು ಸಿಗುತ್ತಿದ್ದರು? ಕೇಂದ್ರ ಸಚಿವರು ಸಿಗುತ್ತಿದ್ದರು. ಅನಿಲ್ ಕುಂಬ್ಳೆ ಸಿಗುತ್ತಿದ್ದರು. ಕೂ ಕಂಪನಿಯಲ್ಲಿ ಹಣ ಹೂಡಿದ್ದ ಜಾವಗಲ್ ಶ್ರೀನಾಥ್ ಸಿಗುತ್ತಿದ್ದರು. ಸಿಗದಿದ್ದವರು ಸಿರುಗುಪ್ಪದ ಸೋದರಮಾವನ ಮಗ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಗೆಳೆಯ, ಕಂಪ್ಲಿಗೆ ಕೊಟ್ಟ ಅಕ್ಕ, ಕಾಲೇಜಿನ ಹಿಂದಿನ ಬೆಂಚಿನವರು. ಸಚಿವರ ಮಾತನ್ನು ಅವನು ಟಿವಿಯಲ್ಲೂ ಕೇಳಬಹುದು. ಅಕ್ಕನ ಮಗು ನಡೆಯಲು ಕಲಿತದ್ದನ್ನು ತೋರಿಸುವುದು ಅಕ್ಕನ ವಾಟ್ಸ್‌ಆ್ಯಪ್ ಸ್ಟೇಟಸ್ ಒಂದೇ. ಒಂಬತ್ತು ಸಾವಿರ ಗಣ್ಯರನ್ನು ಕರೆತರಲು ಕೂ ತಂಡ ಪಟ್ಟ ಶ್ರಮ ಸಣ್ಣದಲ್ಲ. ಅದರ ಒಂದು ಪಾಲಾದರೂ ಒಂದು ಊರಿನ ಏಳು ಮಂದಿಯನ್ನು ಒಟ್ಟಿಗೆ ತರುವುದಕ್ಕೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನಾನು ನಂಬಿದ್ದೇನೆ.

ಗಣ್ಯರ ಹಿಂದೆ ಹೋಗಲು ಕಾರಣವೂ ಇತ್ತು. ಕೂ ಬೆಳೆದದ್ದು ಬಹುಪಾಲು ಬೇರೆಯವರ ಜಗಳದಿಂದ. 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದು ಬಹುಮಾನ ಪಡೆಯಿತು. 2021ರ ಫೆಬ್ರುವರಿಯಲ್ಲಿ, ರೈತ ಚಳವಳಿಗೆ ಸಂಬಂಧಿಸಿದ ಖಾತೆಗಳನ್ನು ತೆಗೆಯುವ ವಿಚಾರದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಪೀಯೂಷ್ ಗೋಯಲ್, ರವಿಶಂಕರ್ ಪ್ರಸಾದ್ ಅವರಂಥ ಸಚಿವರು ಕೂಗೆ ಬಂದರು. ಅವರ ಹಿಂದೆ ಲಕ್ಷಾಂತರ ಬೆಂಬಲಿಗರು. ಮೇ ತಿಂಗಳಲ್ಲಿ ಟೈಗರ್ ಗ್ಲೋಬಲ್ ಮುಂದಾಳತ್ವದಲ್ಲಿ 3 ಕೋಟಿ ಡಾಲರ್ ಹೂಡಿಕೆ ಬಂತು. ಜೂನ್‌ನಲ್ಲಿ ನೈಜೀರಿಯಾ ತನ್ನ ಅಧ್ಯಕ್ಷರ ಟ್ವೀಟ್ ಅಳಿಸಿದ್ದಕ್ಕೆ ಟ್ವಿಟರನ್ನೇ ನಿರ್ಬಂಧಿಸಿದಾಗ ಅಲ್ಲಿನ ಸರ್ಕಾರ ಕೂನಲ್ಲಿ ಖಾತೆ ತೆರೆಯಿತು. 2022ರ ಜನವರಿಯಲ್ಲಿ ಆ ನಿರ್ಬಂಧ ತೆರವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಇಲಾನ್ ಮಸ್ಕ್ ಟ್ವಿಟರ್ ಕೊಂಡ ಗಲಿಬಿಲಿಯಲ್ಲಿ, ಬ್ರೆಜಿಲ್‌ನ ಜನ ಒಮ್ಮೆಗೇ ಕೂಗೆ ನುಗ್ಗಿದರು. 48 ಗಂಟೆಯಲ್ಲಿ 10 ಲಕ್ಷಕ್ಕೂ ಹೆಚ್ಚು.

ಪ್ರತಿ ಸಲವೂ ಬಂದವರು ಟ್ವಿಟರ್ ಮೇಲಿನ ಸಿಟ್ಟಿನಿಂದ ಬಂದವರು. ಕೂ ಮೇಲಿನ ಆಸೆಯಿಂದ ಬಂದವರು ಕಡಿಮೆ. ಸಿಟ್ಟು ಇಳಿಯಿತು, ಅವರು ವಾಪಸಾದರು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಸುತ್ತಣ ಊರೆಲ್ಲ ಸೇರುತ್ತದೆ, ತೇರು ಎಳೆದು ಮನೆಗೆ ಹೋಗುತ್ತದೆ. ವಾರದ ಸಂತೆಗೆ ಬರುವವರು ಅಷ್ಟಿಲ್ಲ, ಆದರೆ ಅವರಿಗೆ ಉಪ್ಪು, ಬೇಳೆ ಬೇಕು, ಮುಂದಿನ ವಾರವೂ ಬರುತ್ತಾರೆ. ಜಾತ್ರೆಯ ಜನಸಂದಣಿ ನೋಡಿ ಸಂತೆಯ ವ್ಯಾಪಾರ ಅಂದಾಜು ಮಾಡಿದ್ದು ಹೂಡಿಕೆದಾರರ ತಪ್ಪು. ರಾಜಕೀಯದ ಒಂದು ಕಡೆಯವರೇ ಹೆಚ್ಚಾಗಿ ಮೊದಲು ಬಂದದ್ದರಿಂದ ಇನ್ನೊಂದು ಕಡೆಯವರು ಇದು ನಮ್ಮ ಜಾಗವಲ್ಲ ಎಂದು ದೂರ ಉಳಿದದ್ದೂ ಇದೆ. ಎಲ್ಲರಿಗೂ ಆಗಲಿ ಎಂದು ಕಟ್ಟಿದವರಿಗೆ ಇದು ನೋವಿನ ಸಂಗತಿಯೇ ಇರಬೇಕು.

ಇದು ಕೂ ಒಂದರ ಕಥೆಯಲ್ಲ. 2019ರ ನವೆಂಬರ್‌ನಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯ ಅಮಾನತನ್ನು ಪ್ರತಿಭಟಿಸಿ ಭಾರತದ ಸಾವಿರಾರು ಜನ ಮಾಸ್ಟೊಡಾನ್ ಎಂಬ ಇನ್ನೊಂದು ತಾಣಕ್ಕೆ ಹೋದರು, ಬಹುತೇಕರು ಬೇಗನೆ ಹಿಂದಿರುಗಿದರು. ಗೂಗಲ್‌ನಂಥ ಗೂಗಲ್ ಕಟ್ಟಿದ ‘ಗೂಗಲ್ ಪ್ಲಸ್’ ಅನ್ನೂ ಜನ ಉಳಿಸಲಿಲ್ಲ. ಜಿಮೇಲ್ ಇದ್ದವರನ್ನೆಲ್ಲ ಅದಕ್ಕೆ ಸೇರಿಸುತ್ತ ಹೋದರೂ, ಅಲ್ಲಿನ ಶೇ 90ರಷ್ಟು ಭೇಟಿಗಳು 5 ಸೆಕೆಂಡಿಗೂ ಕಡಿಮೆ ಎಂದು 2018ರಲ್ಲಿ ಗೂಗಲ್ಲೇ ಒಪ್ಪಿಕೊಂಡು, ಮರುವರ್ಷ ಏಪ್ರಿಲ್‌ನಲ್ಲಿ ಮುಚ್ಚಿತು. ಧ್ವನಿಯಲ್ಲೇ ಮಾತಾಡುವ ಕ್ಲಬ್‌ಹೌಸ್ ನೆನಪಿದೆಯೇ? ಅದರ ಆ್ಯಂಡ್ರಾಯ್ಡ್ ಆ್ಯಪ್ ಭಾರತಕ್ಕೆ ಬಂದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಲಾಕ್‌ಡೌನ್ ನಡುವೆ. ಸಾಹಿತ್ಯ, ಸಿನಿಮಾ, ರಾಜಕೀಯ ಎಂದು ಕನ್ನಡದ ಕೋಣೆಗಳು ರಾತ್ರಿಯೆಲ್ಲ ಮಾತಾಡಿದವು. ಊರು ಬಾಗಿಲು ತೆರೆದ ಮೇಲೆ ಆ ಮಾತು ನಿಂತಿತು. ಮನೆಯಲ್ಲಿ ಕೂತ ಮನುಷ್ಯನಿಗೆ ಬೇಕಾದದ್ದು ಹೊಲಕ್ಕೆ, ಆಫೀಸಿಗೆ ಹೊರಟವನಿಗೆ ಬೇಡವಾಯಿತು, ಅಷ್ಟೇ.

ಕನ್ನಡ ಇದ್ದರೆ ಸಾಕು, ಕನ್ನಡಿಗರು ಉಳಿಯುತ್ತಾರೆ ಎಂಬ ಆಸೆಯನ್ನು ಇಲ್ಲಿ ಸ್ವಲ್ಪ ತಡೆದು ನೋಡಬೇಕು. 2020ರ ಹೊತ್ತಿಗೆ ಫೋನಿನಲ್ಲಿ ಕನ್ನಡ ಅಪರೂಪವಾಗಿರಲಿಲ್ಲ. ‘ಬರಹ’, ‘ನುಡಿ’ ತಂತ್ರಾಂಶಗಳ ಕಾಲ ದಾಟಿ ಯುನಿಕೋಡ್ ಎಲ್ಲ ಕಡೆ ನೆಲೆಯೂರಿತ್ತು, ಗೂಗಲ್ ಕೀಲಿಮಣೆಗೆ ಬಾಯಲ್ಲಿ ಹೇಳಿದರೂ ಕನ್ನಡ ಅಕ್ಷರ ಮೂಡುತ್ತಿತ್ತು. ಫೇಸ್‌ಬುಕ್ಕಿನಲ್ಲಿ, ಯೂಟ್ಯೂಬ್‌ನಲ್ಲಿ ಕನ್ನಡ ತುಂಬಿತ್ತು. ಇನ್ನು ಸಿರುಗುಪ್ಪ, ಕುರುಗೋಡು ಸೀಮೆಯದು ಆಂಧ್ರದ ಗಡಿ. ಒಂದೇ ಮನೆಯಲ್ಲಿ ಅಜ್ಜಿಯ ತೆಲುಗು, ಮಗನ ಕನ್ನಡ; ಪಕ್ಕದ ಮನೆಯಲ್ಲಿ ಉರ್ದು. ಇಲ್ಲಿನ ಒಬ್ಬನ ಸ್ಟೇಟಸ್‌ನಲ್ಲಿ ಬೆಳಿಗ್ಗೆ ಬಸವಣ್ಣನ ಚಿತ್ರ, ಮಧ್ಯಾಹ್ನ ತೆಲುಗು ಸಿನಿಮಾದ ಹಾಡು, ಸಂಜೆ ಮೆಣಸಿನಕಾಯಿ ದರ. ಕೂ ಮಾತ್ರ ಭಾಷೆಗೊಂದು ಓಣಿ ಮಾಡಿತು. ಸೇರುವಾಗ ನಿಮ್ಮ ಭಾಷೆ ಆರಿಸಿ ಎಂದಿತು. ಒಂದೇ ಪೋಸ್ಟನ್ನು ಹಲವು ಭಾಷೆಗೆ ಅನುವಾದಿಸಿ ಹಾಕುವ ಸೌಲಭ್ಯವನ್ನು ಆಮೇಲೆ ತಂದರೂ, ಗಡಿನಾಡಿನ ಮನುಷ್ಯ ಬದುಕುವುದು ಅನುವಾದದಲ್ಲಲ್ಲ. ಅವನು ಎರಡೂ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುತ್ತಾನೆ.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಕೂ ಕನ್ನಡಕ್ಕೆ ತಂದದ್ದು ಟ್ವಿಟರಿನ ರೂಪವನ್ನು: ನಾಲ್ಕು ಸಾಲು ಬರೆದು, ಗುರುತಿಲ್ಲದ ಲೋಕಕ್ಕೆ ಸಾರುವುದು. ಪತ್ರಕರ್ತರಿಗೆ, ರಾಜಕಾರಣಿಗಳಿಗೆ, ಲೇಖಕರಿಗೆ ಅದು ಬೇಕು. ನಮ್ಮ ಹಳ್ಳಿಗಳು ಅದನ್ನು ಇಂಗ್ಲಿಷಿನಲ್ಲಿ ಕೇಳಿರಲಿಲ್ಲ, ಕನ್ನಡದಲ್ಲೂ ಕೇಳಿರಲಿಲ್ಲ. ಅದೇ ಬೆಂಗಳೂರಿನ ‘ಶೇರ್‌ಚಾಟ್’ ಬೇರೆ ದಾರಿ ಹಿಡಿಯಿತು. 2015ರಲ್ಲಿ ಅದನ್ನು ಕಟ್ಟಿದ ಕಾನ್ಪುರ ಐಐಟಿಯ ಮೂವರು ಗೆಳೆಯರಲ್ಲಿ ಅಂಕುಶ್ ಸಚ್‌ದೇವ ಒಮ್ಮೆ ಫೇಸ್‌ಬುಕ್ಕಿನಲ್ಲಿ, ಸಚಿನ್ ತೆಂಡೂಲ್ಕರ್ ಅಭಿಮಾನಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿಕೊಳ್ಳಿ ಎಂದು ಸಾವಿರಾರು ಜನ ತಮ್ಮ ಫೋನ್ ನಂಬರ್ ಬರೆದಿದ್ದನ್ನು ಕಂಡರು. ಆ ನಂಬರ್‌ಗಳನ್ನೇ ಹಿಡಿದು ಗುಂಪು ಮಾಡಿ, ಜನ ಏನು ಹಂಚಿಕೊಳ್ಳುತ್ತಾರೆ ಎಂದು ನೋಡಿದರು. ಜನರಿಗೆ ಬೇಕಾಗಿದ್ದದ್ದು ತಮ್ಮವರಿಗೆ ಕಳಿಸಲು ಒಂದು ಚಿತ್ರ, ಒಂದು ಮಾತು, ಒಂದು ನಗೆ. ಶುಭೋದಯದ ಚಿತ್ರ ಶೇರ್‌ಚಾಟ್‌ನಲ್ಲಿ ಹುಡುಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸು ಎಂಬ ಕೊಂಡಿ ಹಾಗೆ ಹುಟ್ಟಿತು. ಇಂಗ್ಲಿಷನ್ನು ಬಿಟ್ಟೇ ಬೆಳೆದ ಆ ಕಂಪನಿಗೂ ಕಷ್ಟ ತಪ್ಪಲಿಲ್ಲ, 2023ರ ಆರಂಭದಲ್ಲಿ ಐದರಲ್ಲೊಂದು ಪಾಲು ನೌಕರರನ್ನು ತೆಗೆಯಬೇಕಾಯಿತು. ಆದರೂ ಅದು ಜನ ಆಗಲೇ ಮಾಡುತ್ತಿದ್ದ ಕೆಲಸಕ್ಕೆ ಕೈ ಜೋಡಿಸಿತ್ತು, ಇನ್ನೂ ಇದೆ.

ಪರಿಚಯದವರೇ ಬೇಡ ಎಂಬ ದಾರಿಯನ್ನು ಟಿಕ್‌ಟಾಕ್ ತೋರಿಸಿತು. ನೀವು ಯಾವ ವಿಡಿಯೊವನ್ನು ಎಷ್ಟು ಹೊತ್ತು ನೋಡಿದಿರಿ, ಎಲ್ಲಿ ಸರಿಸಿದಿರಿ ಎಂಬುದನ್ನೇ ಲೆಕ್ಕ ಹಾಕಿ ಮುಂದಿನದನ್ನು ತಂದಿಡುವ ಯಂತ್ರ ಅದು. ಗೆಳೆಯರಿಲ್ಲದೆಯೂ ಮನುಷ್ಯನನ್ನು ಹಿಡಿದಿಡುತ್ತದೆ. ಹಳ್ಳಿಯ ಹುಡುಗ ಗದ್ದೆ ಬದುವಿನ ಮೇಲೆ ನಿಂತು ಕುಣಿದದ್ದನ್ನು ಲಕ್ಷ ಜನರಿಗೆ ತೋರಿಸಿದ ತಾಣವೂ ಅದೇ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿದಾಗ ಭಾರತದಲ್ಲಿ ಅದಕ್ಕೆ ಸುಮಾರು 20 ಕೋಟಿ ಬಳಕೆದಾರರಿದ್ದರು. ಎರಡೇ ದಿನಕ್ಕೆ ಶೇರ್‌ಚಾಟ್ ‘ಮೋಜ್’ ತಂದಿತು. ಡೈಲಿಹಂಟ್ ‘ಜೋಶ್’ ತಂದಿತು. ಚಿಂಗಾರಿ, ರೊಪೊಸೊ, ಎಂಎಕ್ಸ್ ಟಕಾಟಕ್ ಎಲ್ಲವೂ ಒಮ್ಮೆಗೆ ತುಂಬಿ ತುಳುಕಿದವು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಕೊನೆಗೆ ಗೆದ್ದದ್ದು ಇವೆರಡೇ. ಇನ್‌ಸ್ಟಾಗ್ರಾಂನಲ್ಲಿ ಗೆಳೆಯರು ಮೊದಲೇ ಇದ್ದರು. ಯೂಟ್ಯೂಬ್ ಪ್ರತಿ ಫೋನಿನಲ್ಲೂ ಮೊದಲೇ ಇತ್ತು, ಮೇಲಾಗಿ ಅದು ದುಡ್ಡು ಕೊಡುತ್ತದೆ; ಶಾರ್ಟ್ಸ್‌ನ ಜಾಹೀರಾತು ಆದಾಯದಲ್ಲೂ 2023ರ ಫೆಬ್ರುವರಿಯಿಂದ ಪಾಲು ಕೊಡತೊಡಗಿತು. ಬಳ್ಳಾರಿ ಕಡೆಯ ಬಯಲಾಟ, ಸಾಮಾಜಿಕ ನಾಟಕಗಳ ಇಡೀ ರಾತ್ರಿಯ ಪ್ರದರ್ಶನವನ್ನು ಯಾರೋ ಚಿತ್ರಿಸಿ ಏರಿಸಿದರೆ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋದವರು ಕೆಲಸ ಮುಗಿಸಿ ಬಂದು ಅದನ್ನು ತುಂಡುತುಂಡಾಗಿ ನೋಡುತ್ತಾರೆ. ನಮ್ಮೂರ ಹಾರ್ಮೋನಿಯಂ ಮಾಸ್ತರರು ಅದರಲ್ಲಿ ಕಾಣುತ್ತಾರೆ. ಯಾವ ಯಂತ್ರದ ಲೆಕ್ಕವೂ ಇಲ್ಲದೆ ಜನ ಹುಡುಕಿಕೊಂಡು ಬರುವುದು ಇಂಥದ್ದಕ್ಕೆ.

ಹಿಡಿದಿಡುವುದೆಲ್ಲ ಒಳ್ಳೆಯದು ಎಂದು ಇದರ ಅರ್ಥವಲ್ಲ. ಮುಗಿಯದೆ ಸರಿಯುವ ಪರದೆ, ಯಾರ್ಯಾರು ಸ್ಟೇಟಸ್ ನೋಡಿದರೆಂಬ ಪಟ್ಟಿ, ಆಗಾಗ ಮಿಡಿಯುವ ಕೆಂಪು ಚುಕ್ಕೆ, ಇವೆಲ್ಲ ನಾವು ಏಳದಂತೆ ನೋಡಿಕೊಳ್ಳಲು ಮಾಡಿದವು. ನಮ್ಮವರೇ ಕಳಿಸಿದ್ದು ಎಂಬ ನಂಬಿಕೆಯೂ ಅಪಾಯ ತರಬಲ್ಲದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು 5ಕ್ಕಿಂತ ಹೆಚ್ಚು ಕಡೆ ಒಮ್ಮೆಗೆ ಮುಂದೆ ಕಳಿಸದಂತೆ ಮಿತಿ ಹಾಕಲು ಮುಂದಾಯಿತು. ನಮ್ಮ ಕಲ್ಯಾಣ ಕರ್ನಾಟಕದ ಮಣ್ಣಿನಲ್ಲೇ ಆದ ಈ ಸಾವನ್ನು ಹೊಸ ತಾಣ ಕಟ್ಟುವ ಯಾರೂ ಮರೆಯಬಾರದು. ಬೇಗ ಹಬ್ಬಲಿ ಎಂದು ಮಾಡುವ ಪ್ರತಿ ಅನುಕೂಲವೂ ಸುಳ್ಳಿಗೂ ಅನುಕೂಲವೇ.

ಈಚೆಗೆ ಮತ್ತೆ ಅದೇ ಹುರುಪು. ಜೋಹೊ ಕಂಪನಿ 2021ರಲ್ಲಿ ತಂದಿದ್ದ ‘ಅರಟ್ಟೈ’ ಎಂಬ ಸಂದೇಶ ಆ್ಯಪ್‌ಗೆ 2025ರ ಸೆಪ್ಟೆಂಬರ್ ಕೊನೆಗೆ ಸ್ವದೇಶಿ ಕರೆಯ ಬಲದಿಂದ ಜನ ನುಗ್ಗಿದರು. ದಿನಕ್ಕೆ 3,000 ಇದ್ದ ಹೊಸ ಸೇರ್ಪಡೆ ಮೂರೇ ದಿನದಲ್ಲಿ 3.5 ಲಕ್ಷಕ್ಕೆ ಏರಿತೆಂದು ಜೋಹೊ ಸ್ಥಾಪಕ ಶ್ರೀಧರ್ ವೆಂಬು ಹೇಳಿದರು. ಎಷ್ಟು ಜನ ಸೇರಿದರು ಎಂಬುದರಿಂದ ಇಂಥ ತಾಣದ ಆಯುಷ್ಯ ಗೊತ್ತಾಗುವುದಿಲ್ಲ. ಬೀಗರ ಗುಂಪು, ಸ್ವಸಹಾಯ ಸಂಘದ ಗುಂಪು, ಕಾಲುವೆ ನೀರಿನ ಗುಂಪು ಇಡಿಯಾಗಿ ಎದ್ದು ಅಲ್ಲಿಗೆ ಹೋಗುತ್ತದೆಯೇ ನೋಡಬೇಕು. ಮೆಟಾದ ‘ಥ್ರೆಡ್ಸ್’ 2023ರ ಜುಲೈನಲ್ಲಿ ಐದೇ ದಿನಕ್ಕೆ 10 ಕೋಟಿ ಜನರನ್ನು ಕಂಡು, ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಆಮೇಲೆ ಚೇತರಿಸಿಕೊಂಡು 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 40 ಕೋಟಿ ಮುಟ್ಟಿತು. ಇನ್‌ಸ್ಟಾಗ್ರಾಂನ ಸ್ನೇಹಬಳಗವನ್ನು ಅದು ಸೇರುವ ಗಳಿಗೆಯಲ್ಲೇ ಎರವಲು ಪಡೆದಿತ್ತು. ಕೂಗಾಗಲಿ ಅರಟ್ಟೈಗಾಗಲಿ ಅಂಥ ಎರವಲು ಸಿಗುವುದಿಲ್ಲ. ಅವು ಏಳೇಳು ಮಂದಿಯಾಗಿ, ಊರೂರಾಗಿ ಗಳಿಸಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಕೂ ಸ್ಥಾಪಕರೂ ತಮ್ಮ ಕೊನೆಯ ಟಿಪ್ಪಣಿಯಲ್ಲಿ ಇಂಥ ತಾಣಕ್ಕೆ ಐದಾರು ವರ್ಷ ತಾಳ್ಮೆಯಿಂದ ನಿಲ್ಲುವ ಬಂಡವಾಳ ಬೇಕೆಂದು ಬರೆದರು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಬಳಕೆದಾರ ಉಳಿಯಲಿಲ್ಲ ಎಂದು ಕಂಪನಿಗಳು ಕೊರಗುವುದನ್ನು ಕೇಳಿದ್ದೇವೆ. ಉಳಿದ ಬಳಕೆದಾರನನ್ನು ಬಿಟ್ಟು ತಾಣವೇ ಹೊರಟುಹೋದರೆ? ಕೂನಲ್ಲಿ ನಾಲ್ಕು ವರ್ಷ ದಿನಾ ಕನ್ನಡದಲ್ಲಿ ಬರೆದವರಿದ್ದರು. ಚುಟುಕ, ಮಳೆಯ ಟಿಪ್ಪಣಿ, ಊರಿನ ಗಾದೆ, ಸತ್ತವರ ನೆನಪು ಎಲ್ಲ ಅಲ್ಲಿತ್ತು. ಈ ತಂತ್ರಜ್ಞಾನವನ್ನು ಸಾರ್ವಜನಿಕ ಸ್ವತ್ತಾಗಿ ಮಾಡುವ ಬಗ್ಗೆ ಯೋಚಿಸುತ್ತೇವೆಂದು ಸ್ಥಾಪಕರು ಮುಚ್ಚುವಾಗ ಹೇಳಿದ್ದರು. ತಂತ್ರಜ್ಞಾನದ ಜೊತೆಗೆ ಆ ಬರಹಗಳೂ ಮುಖ್ಯ. 2014ರ ಸೆಪ್ಟೆಂಬರ್ 30ರಂದು ತನ್ನ ಜಾಲತಾಣ ಆರ್ಕುಟ್ ಮುಚ್ಚುವಾಗ ಗೂಗಲ್ ಬಳಕೆದಾರರಿಗೆ ತಮ್ಮ ಫೋಟೊ, ಬರಹ ಇಳಿಸಿಕೊಳ್ಳಲು ಎರಡು ವರ್ಷ ಸಮಯ ಕೊಟ್ಟಿತ್ತು. ಕರ್ನಾಟಕದಲ್ಲಿ ಮುಂದೆ ಯಾರೇ ಇಂಥ ತಾಣ ಕಟ್ಟಲಿ, ಬಾದನಹಟ್ಟಿಯ ಓದುಗ ಅದನ್ನು ಫೋನಿಗೆ ಹಾಕಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಲಿ. ನನಗೆ ಬೇಕಾದ ಏಳು ಮಂದಿ ಅಲ್ಲಿದ್ದಾರೆಯೇ? ನಾನು ಬರೆದದ್ದನ್ನು ಬೇಕಾದಾಗ ಇಡಿಯಾಗಿ ತೆಗೆದುಕೊಂಡು ಹೊರಡಲು ಬಟನ್ ಎಲ್ಲಿದೆ?